ನಿಲ್ಲುವವರು ಬೇಕಾಗಿದ್ದಾರೆ

ಎಲ್ಲಕ್ಕೂ ಕಾರಣ ಅಡುಗೆಮನೆಯ ಒಂದು ಮರದ ಸ್ಟೂಲು.

ಕನ್ನಡಕದಣ್ಣನ ಅಮ್ಮನಿಗೆ ಮಂಡಿನೋವು. ವಾರಕ್ಕೊಂದು ಸಲ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗಿ ಮಂಡಿಗೆ ಕಾವು ಕೊಡಿಸಿಕೊಂಡು ಬರಬೇಕು. ಅವರ ಬೀದಿ ಹೋಗಿ ದೊಡ್ಡ ರಸ್ತೆಯನ್ನು ಸೇರುವ ತಿರುವಿನಲ್ಲಿ ಬಸ್ ಸ್ಟಾಪು ಇದೆ ಎನ್ನುವುದಕ್ಕೆ ಇದ್ದ ಸಾಕ್ಷಿಯೆಂದರೆ ಒಂದು ಕಬ್ಬಿಣದ ಕಂಬ. ನೆರಳಿಲ್ಲ, ಕೂರಲು ಒಂದು ಕಲ್ಲೂ ಇಲ್ಲ. ಅಮ್ಮ ಆ ಕಂಬಕ್ಕೇ ಒರಗಿ ನಿಲ್ಲುತ್ತಿದ್ದಳು. ಬಿಸಿಲೇರಿದರೆ ಕಂಬವೂ ಕಾದು ಚುರುಗುಟ್ಟುತ್ತಿತ್ತು. "ಮಂಡಿಗೆ ಅಲ್ಲಿ ಕಾವು, ಬೆನ್ನಿಗೆ ಇಲ್ಲೇ ಕಾವು. ಇದಕ್ಕೆ ದುಡ್ಡೂ ಕೇಳಲ್ಲ" ಎಂದು ಆಕೆಯೇ ನಗುತ್ತಿದ್ದಳು.

ಒಂದು ದಿನ ನಗುವುದೂ ಸಾಕೆನಿಸಿತೋ ಏನೋ, ಯಾರಿಗೂ ಹೇಳದೆ ಅಡುಗೆಮನೆಯ ಸ್ಟೂಲನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟುಬಿಟ್ಟಳು. ಇಡೀ ಬೀದಿ ಬಾಗಿಲಿಗೆ ಬಂದು ನೋಡಿತು. ಬಸ್ಸು ಬಂದಾಗ ಸ್ಟೂಲನ್ನು ರಸ್ತೆಯಲ್ಲಿ ಬಿಟ್ಟುಹೋಗಲು ಮನಸ್ಸಾಗದೆ ಅದನ್ನೂ ಹತ್ತಿಸಿದಳು. ಕಂಡಕ್ಟರು ಸ್ಟೂಲಿಗೂ ಟಿಕೆಟ್ಟು ಹರಿದು ಕೊಟ್ಟ.

ಸಂಜೆ ಕನ್ನಡಕದಣ್ಣ ಕೆಲಸದಿಂದ ಬಂದು ಗೇಟಿನ ಚಿಲಕ ತೆಗೆಯುವಷ್ಟರಲ್ಲೇ ಎದುರುಮನೆಯಾಕೆ ಕೇಳಿದಳು: "ಏನಣ್ಣಾ, ಅಮ್ಮನ್ನ ಸಾಮಾನಿನ ಸಮೇತ ಕಳಿಸಿಬಿಟ್ರಂತೆ?"

ಬೇರೆಯವರಿಗೆ ನೆಗಡಿ ಬರುವಂತೆ ಕನ್ನಡಕದಣ್ಣನಿಗೆ ನಾಚಿಕೆ ಬರುತ್ತಿತ್ತು. ಸ್ವಲ್ಪ ಗಾಳಿ ಸೋಕಿದರೂ ಸಾಕು, ಕಿವಿ ಕೆಂಪಾಗಿ, ಗಂಟಲು ಕಟ್ಟಿ, ಕಣ್ಣು ನೆಲ ನೋಡುತ್ತಿತ್ತು. ಅಂದು ರಾತ್ರಿ ಅವನಿಗೆ ಊಟ ಸೇರಲಿಲ್ಲ. ಹೆಂಡತಿ ತಟ್ಟೆ ತೆಗೆಯುತ್ತ, "ನಾಚ್ಕೊಂಡು ಕೂತ್ರೆ ಅಲ್ಲಿ ಬೆಂಚು ಹುಟ್ಕೊಳ್ಳುತ್ತಾ? ಹೋಗಿ ನಗರಸಭೇಲಿ ಕೇಳಿ" ಎಂದಳು.

ಕೇಳಿದ. ನಗರಸಭೆಯ ಗುಮಾಸ್ತ ಆಕಳಿಸುತ್ತ ವಿವರಿಸಿದ: "ತಂಗುದಾಣ ಎಲ್ಲ ಈಗ ನಾವು ಕಟ್ಟಲ್ಲಪ್ಪ. ಅಷ್ಟು ದುಡ್ಡೆಲ್ಲಿದೆ? ಜಾಹೀರಾತಿನ ಕಂಪನಿಯೋರು ಸ್ವಂತ ಖರ್ಚಲ್ಲಿ ಕಟ್ತಾರೆ, ಗುಡಿಸ್ತಾರೆ, ದೀಪ ಹಾಕ್ತಾರೆ. ಹಿಂದುಗಡೆ ಹಲಗೇಲಿ ಜಾಹೀರಾತು ಹಾಕ್ಕೊಂಡು ಬಾಡಿಗೆ ದುಡೀತಾರೆ. ನಮಗೂ ಖರ್ಚಿಲ್ಲ, ಅವರಿಗೂ ನಷ್ಟವಿಲ್ಲ."

"ಮತ್ತೆ ನಮ್ಮ ಸ್ಟಾಪಿಗೆ ಯಾವಾಗ ಸಾರ್?"

"ಎಲ್ಲಿ ಕಟ್ಟಬೇಕು ಅನ್ನೋದು ಅವರಿಷ್ಟ. ಅವರನ್ನೇ ಹಿಡೀರಿ."

ಹಿಡಿಯುವ ಕೆಲಸ ಅವನಿಂದಾಗುವಂಥದ್ದಲ್ಲ. ಆದರೆ ಅದೃಷ್ಟ ನೋಡಿ, ಆ ಕಂಪನಿಯ ಪ್ರತಿನಿಧಿ ತಾನಾಗಿಯೇ ಅವನ ಕುರ್ಚಿಗೆ ಬಂದು ಕೂತ. ಕನ್ನಡಕದಣ್ಣ ಕೆಲಸ ಮಾಡುತ್ತಿದ್ದುದು ಪೇಟೆಯ ಒಂದು ಕನ್ನಡಕದ ಅಂಗಡಿಯಲ್ಲಿ. ಒಳಗಿನ ಕತ್ತಲೆ ಕೋಣೆಯಲ್ಲಿ, ಗೋಡೆಗೆ ತೂಗುಹಾಕಿದ ಅಕ್ಷರಗಳ ಹಲಗೆ ತೋರಿಸಿ, ಬಂದವರ ಮೂಗಿನ ಮೇಲೆ ಗಾಜು ಬದಲಾಯಿಸುತ್ತ, "ಈಗ ಕಾಣತ್ತಾ? ಈಗ? ಮೊದಲಿಂದು ಚೆನ್ನಾಗಿತ್ತಾ, ಇದು ಚೆನ್ನಾಗಿದೆಯಾ?" ಎಂದು ಬೆಳಗಿನಿಂದ ಸಂಜೆವರೆಗೆ ಕೇಳುವುದೇ ಅವನ ಉದ್ಯೋಗ. ಯಜಮಾನರ ಹತ್ತಿರ ಜಾಹೀರಾತಿನ ಮಾತಾಡಲು ಬಂದಿದ್ದ ಆ ಪ್ರತಿನಿಧಿ, ಹಾಗೇ ಕಣ್ಣೂ ತೋರಿಸಿಬಿಡೋಣವೆಂದು ಒಳಗೆ ಬಂದಿದ್ದ.

ಎದುರಿಗಿದ್ದವನಿಗೆ ತನ್ನ ಮುಖ ಸರಿಯಾಗಿ ಕಾಣುತ್ತಿಲ್ಲ ಎನ್ನುವ ಧೈರ್ಯದಲ್ಲಿ ಕನ್ನಡಕದಣ್ಣ ಬಾಯಿಬಿಟ್ಟ. ತಿರುವು, ಕಂಬ, ಬಿಸಿಲು, ಅಮ್ಮನ ಮಂಡಿ, ಎಲ್ಲ ಹೇಳಿದ. ಸ್ಟೂಲಿನ ವಿಷಯ ಮಾತ್ರ ಹೇಳಲಿಲ್ಲ.

"ತಿರುವಿನಲ್ಲಾ?" ಪ್ರತಿನಿಧಿ ಒಂದು ಕಣ್ಣು ಮುಚ್ಚಿಕೊಂಡೇ ಕೇಳಿದ. "ಜಾಗ ಒಳ್ಳೇದೇ. ಜನ ಹೇಗೆ ಅಲ್ಲಿ? ತುಂಬ ನಿಲ್ತಾರಾ?"

ಆ ಸ್ಟಾಪಿನಲ್ಲಿ ನಿಲ್ಲುತ್ತಿದ್ದದ್ದು ಅವನ ಅಮ್ಮ, ಎಲ್ಲೋ ಅಪರೂಪಕ್ಕೆ ಒಬ್ಬಳು ನರ್ಸು, ಮತ್ತು ಬೇಜಾರಾದಾಗ ಒಂದು ನಾಯಿ. ಆದರೆ ಯಾರೂ ನಿಲ್ಲದ ಕಡೆ ಯಾರು ತಾನೇ ನೆರಳು ಕಟ್ಟಿಸಿಯಾರು? ಕನ್ನಡಕದಣ್ಣ ಕಣ್ಣುಮುಚ್ಚಿ ಹೇಳಿಬಿಟ್ಟ: "ಕಾಲಿಡೋಕೆ ಜಾಗ ಇರಲ್ಲ ಸಾರ್."

ಪ್ರತಿನಿಧಿ "ಹೂಂ" ಎಂದ. ಆ ಹೂಂನಲ್ಲಿ ಸಂತೋಷವಿತ್ತೋ ಇಲ್ಲವೋ ಕತ್ತಲೆಯಲ್ಲಿ ತಿಳಿಯಲಿಲ್ಲ. "ಗುರುವಾರ ಬೆಳಿಗ್ಗೆ ಬಂದು ನೋಡ್ತೀನಿ" ಎಂದು ಎದ್ದುಹೋದ.

ಸುಳ್ಳು ಹೇಳಿದ್ದಕ್ಕೆ ಮನೆ ಮುಟ್ಟುವವರೆಗೂ ಅವನ ಕಿವಿ ಬಿಸಿಯಾಗಿತ್ತು. ಅದನ್ನು ತಣ್ಣಗಾಗಿಸಲು ಒಂದೇ ದಾರಿ, ಸುಳ್ಳನ್ನು ಒಂದು ಬೆಳಗಿನ ಮಟ್ಟಿಗಾದರೂ ನಿಜ ಮಾಡುವುದು. ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರ ಹತ್ತಿರ ಹೋಗಿ, ಗುರುವಾರ ಬೆಳಿಗ್ಗೆ ಒಂದು ಗಳಿಗೆ ಸ್ಟಾಪಿನಲ್ಲಿ ಬಂದು ನಿಲ್ಲಲಾದೀತೇ, ಆದರೆ ಇನ್ನೂ ಒಬ್ಬಿಬ್ಬರು ಜೊತೆಗಿದ್ದರೆ, ಎಂದು ತಡವರಿಸಿದ.

ಮೇಷ್ಟ್ರು ನಿವೃತ್ತರಾದ ಮೇಲೆ ಅವರ ಮಾತು ಕೇಳಿ ಎಡಬಲ ತಿರುಗುವವರು ಯಾರೂ ಇರಲಿಲ್ಲ. ಮನೆಯಲ್ಲಂತೂ ಮೊದಲಿನಿಂದಲೂ ಇರಲಿಲ್ಲ. ಅವರು ಎದ್ದು ನಿಂತು ಎದೆ ಮುಂದೆ ಮಾಡಿದರು.

"ಒಬ್ಬಿಬ್ಬರು ಯಾಕೆ? ಇಡೀ ಬೀದಿಯನ್ನ ನಿಲ್ಲಿಸ್ತೀನಿ. ನೀನು ಸುಮ್ಮನೆ ನೋಡ್ತಿರು."

"ಅಷ್ಟೆಲ್ಲ ಬೇಡಿ ಮೇಷ್ಟ್ರೇ, ಯಾರಿಗೂ ಗೊತ್ತಾಗದ ಹಾಗೆ..."

ಆದರೆ ಆಗಲೇ ಮೇಷ್ಟ್ರು ಕಾಂಪೌಂಡಿನ ಮೇಲಿಂದ ಎದುರುಮನೆಯಾಕೆಯನ್ನು ಕೂಗುತ್ತಿದ್ದರು. ಎದುರುಮನೆಯಾಕೆಗೆ ಗೊತ್ತಾಯಿತೆಂದರೆ ಮುಗಿಯಿತು.

*

ಗುರುವಾರ ಬೆಳಿಗ್ಗೆ ಕನ್ನಡಕದಣ್ಣ ಯಜಮಾನರಿಗೆ ಫೋನು ಮಾಡಿ, ಹೊಟ್ಟೆನೋವು, ಏಳೋಕೇ ಆಗುತ್ತಿಲ್ಲ ಎಂದ. ಯಜಮಾನರು ಪಾಪ ಒಳ್ಳೆಯ ಮಾತಿನಲ್ಲೇ, "ಮಲಗು ಮಲಗು. ನಾನೂ ಇವತ್ತು ಹೊರಗೆ ಕೆಲಸ ಇಟ್ಕೊಂಡಿದ್ದೀನಿ. ಅಂಗಡಿ ಹೇಗೋ ಆಗತ್ತೆ" ಎಂದರು. ಆ ಒಳ್ಳೆಯ ಮಾತಿನಿಂದ ಅವನಿಗೆ ನಿಜವಾಗಿಯೂ ಹೊಟ್ಟೆಯಲ್ಲಿ ಸಂಕಟವಾಯಿತು.

"ಅಮ್ಮ, ನೀನಿವತ್ತು ಆಸ್ಪತ್ರೆಗೆ ಸ್ವಲ್ಪ ತಡವಾಗಿ ಹೊರಡು. ಆ ಗಲಾಟೇಲಿ ನಿಂಗೆ ನಿಲ್ಲೋಕಾಗಲ್ಲ" ಎಂದು ಹೇಳಿ ಹೊರಬಿದ್ದ. ಅಮ್ಮ ಅವನ ಮುಖವನ್ನೇ ನೋಡುತ್ತ ತಲೆಯಾಡಿಸಿದಳು. ಮಗ ತನಗೋಸ್ಕರ ಏನೋ ಕಸರತ್ತು ನಡೆಸಿದ್ದಾನೆ ಎನ್ನುವುದಷ್ಟು ಆಕೆಗೆ ಗೊತ್ತಿತ್ತು.

ಸ್ಟಾಪಿಗೆ ಬಂದು ನೋಡಿದರೆ ಇಬ್ಬರು ಕೆಲಸಗಾರರು ಕಂಬದ ಹಿಂದೆ ಎರಡು ಬಿದಿರ ಗಳ ನೆಟ್ಟು ಒಂದು ಅಗಲವಾದ ಬಿಳಿಯ ಹಲಗೆ ಕಟ್ಟುತ್ತಿದ್ದರು. ಹಲಗೆಯ ಮೇಲೆ ಬರೀ ಅಕ್ಷರಗಳು. ಮೇಲಿನ ಸಾಲಿನಲ್ಲಿ ಮೊಳದುದ್ದದ ಅಕ್ಷರ, ಅದರ ಕೆಳಗೆ ಇನ್ನಷ್ಟು ಚಿಕ್ಕದು, ಕೊನೆಯ ಸಾಲಿನಲ್ಲಿ ಅಂಗೈಯಷ್ಟು.

"ಇದೇನಪ್ಪಾ ಇದು?"

"ಸಾಹೇಬ್ರು ಗಾಡೀಲಿ ಬಂದು ನೋಡ್ತಾರಲ್ಲ, ಅದಕ್ಕೆ" ಎಂದ ಒಬ್ಬ. ಗಂಟು ಬಿಗಿದು, ಬೀಡಿ ಹಚ್ಚಿಕೊಂಡು, ಇಬ್ಬರೂ ಹೊರಟುಹೋದರು.

ಕನ್ನಡಕದಣ್ಣ ಆ ಹಲಗೆಯನ್ನು ಪ್ರೀತಿಯಿಂದ ನೋಡಿದ. ಥೇಟ್ ತನ್ನ ಕತ್ತಲೆ ಕೋಣೆಯ ಹಲಗೆಯಂತೆಯೇ ಇತ್ತು, ಅದರಣ್ಣನ ಹಾಗೆ. ಒಳ್ಳೆಯ ಶಕುನ ಎಂದುಕೊಂಡ. ಅಂಥ ಹಲಗೆಯನ್ನು ಏತಕ್ಕೆ ತೂಗುಹಾಕುತ್ತಾರೆ ಎನ್ನುವುದು ಲೋಕದಲ್ಲಿ ಬೇರೆ ಯಾರಿಗೆ ಹೊಳೆಯದಿದ್ದರೂ ಅವನಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಅಷ್ಟರಲ್ಲಿ ಬೀದಿ ಬಂತು. ಬಂತೆಂದರೆ ಹೇಗೆ, ಸಾಲಾಗಿ ಹೆಜ್ಜೆ ಹಾಕಿಕೊಂಡು! ಮುಂದೆ ಕುತ್ತಿಗೆಗೆ ಸೀಟಿ ಕಟ್ಟಿಕೊಂಡ ಡ್ರಿಲ್ ಮೇಷ್ಟ್ರು. ಹಿಂದೆ ಎದುರುಮನೆಯಾಕೆ ಮತ್ತು ಆಕೆ ಎಬ್ಬಿಸಿಕೊಂಡು ಬಂದ ಹೆಂಗಸರ ದಂಡು, ಎಲ್ಲರೂ ಮದುವೆ ಮನೆಗೆ ಹೊರಟವರಂತೆ ಒಳ್ಳೆಯ ಸೀರೆ ಉಟ್ಟಿದ್ದರು. ಅಳತೆಯ ಟೇಪನ್ನು ಕೊರಳಿನಿಂದ ತೆಗೆಯಲು ಮರೆತ ದರ್ಜಿ. ಇಸ್ತ್ರಿಯವನು. ಯಾವತ್ತೂ ಬಸ್ಸು ಹತ್ತದ, ಎರಡು ಸ್ಕೂಟರು ಇಟ್ಟುಕೊಂಡ ಮೂಲೆಮನೆಯ ಅಣ್ಣತಮ್ಮಂದಿರು. ಎಲ್ಲಿಗೋ ಹೊರಟವರಂತೆ ಕಾಣಬೇಕೆಂದು ಮೇಷ್ಟ್ರು ಎಲ್ಲರ ಕೈಗೂ ಒಂದೊಂದು ಚೀಲ ಕೊಡಿಸಿದ್ದರು. ಚೀಲಗಳೆಲ್ಲ ಖಾಲಿಯಿದ್ದುದರಿಂದ ಗಾಳಿಗೆ ಹಾರಾಡುತ್ತಿದ್ದವು.

ಕನ್ನಡಕದಣ್ಣನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಇಷ್ಟು ಜನ ತನ್ನ ಒಂದು ಸುಳ್ಳಿಗೋಸ್ಕರ ಹಾಸಿಗೆ ಬಿಟ್ಟೆದ್ದು ಬಂದಿದ್ದಾರೆ. ಎಲ್ಲರಿಗೂ ಕೈ ಮುಗಿದ. ಎದುರುಮನೆಯಾಕೆ, "ಅಯ್ಯೋ, ಇರ್ಲಿ ಬಿಡಿ ಅಣ್ಣಾ, ಪಾಪ ನಿಮ್ಮಮ್ಮ ಸ್ಟೂಲು ಹೊತ್ಕೊಂಡು ಹೋಗೋದು ನೋಡೋಕಾಗಲ್ಲ" ಎಂದು ರಸ್ತೆಯ ಆಚೆ ಬದಿಗೂ ಕೇಳುವಂತೆ ಹೇಳಿದಳು.

"ಎತ್ತರದವರು ಹಿಂದೆ! ಕುಳ್ಳರು ಮುಂದೆ!" ಮೇಷ್ಟ್ರು ಸೀಟಿ ಊದಿದರು. "ಹಲಗೆಗೆ ಬೆನ್ನು, ರಸ್ತೆಗೆ ಮುಖ! ಒಬ್ಬರನ್ನೊಬ್ಬರು ಮರೆ ಮಾಡಬಾರದು. ಸಾಹೇಬರು ನೋಡಿದ್ರೆ ಒಂದೊಂದು ತಲೆಯೂ ಕಾಣ್ಬೇಕು!"

"ಮೇಷ್ಟ್ರೇ, ಬಸ್ಸಿಗೆ ಕಾಯೋರು ಹೀಗೆ ನಿಲ್ಲಲ್ಲ" ಎಂದು ಕನ್ನಡಕದಣ್ಣ ಮೆಲ್ಲಗೆ ಹೇಳಿದ.

"ನಿಲ್ಲಲ್ಲ, ಅದಕ್ಕೇ ದೇಶ ಹೀಗಿರೋದು."

ಮೊದಲು ಬಂದದ್ದು ಸಾಹೇಬರ ಕಾರಲ್ಲ, ಬಸ್ಸು. ಆ ದಾರಿಗೆ ಇದ್ದದ್ದೇ ಒಂದು ಬಸ್ಸು. ಆ ತುದಿಗೆ ಹೋಗಿ ಈ ತುದಿಗೆ ಬಂದು ದಿನವಿಡೀ ಸುತ್ತುತ್ತಿತ್ತು. ಕಂಬದ ಹತ್ತಿರ ಅಷ್ಟು ಜನರನ್ನು ಕಂಡ ಡ್ರೈವರು ತನ್ನ ಕಣ್ಣನ್ನೇ ನಂಬದೆ ಬ್ರೇಕು ಒತ್ತಿದ. ಕಂಡಕ್ಟರು ಬಾಗಿಲಿಗೆ ಜೋತುಬಿದ್ದು ನೆಂಟರನ್ನು ಕರೆಯುವಂತೆ ಕರೆದ: "ಬನ್ನಿ ಬನ್ನಿ, ಒಳಗೆ ಜಾಗ ಇದೆ, ಎಲ್ಲರಿಗೂ ಸೀಟಿದೆ!"

ಯಾರೂ ಕದಲಲಿಲ್ಲ.

"ಹತ್ತೀಮ್ಮಾ, ಹೊತ್ತಾಗತ್ತೆ."

"ನಾವು ಬರಲ್ಲಪ್ಪ" ಎಂದಳು ಎದುರುಮನೆಯಾಕೆ.

"ಮತ್ತೆ ಇಲ್ಲಿ ಯಾಕೆ ನಿಂತಿದ್ದೀರಿ?"

"ಬಸ್ಸಿಗೆ ಕಾಯ್ತಾ ಇದ್ದೀವಿ" ಎಂದ ದರ್ಜಿ, ಹೇಳಿಕೊಟ್ಟ ಮಾತನ್ನು ತಪ್ಪಿಲ್ಲದೆ.

ಕಂಡಕ್ಟರ್ ಒಂದು ಸಲ ಅವರನ್ನೂ, ಒಂದು ಸಲ ತನ್ನ ಬಸ್ಸನ್ನೂ ನೋಡಿದ. "ಇದೇನು ಎತ್ತಿನಗಾಡಿ ಥರ ಕಾಣ್ತಿದೆಯಾ?"

"ಗಮನ ಕೊಡಬೇಡಿ! ದೃಷ್ಟಿ ಮುಂದೆ!" ಮೇಷ್ಟ್ರು ಗುಡುಗಿದರು. ಬಸ್ಸಿನೊಳಗಿನವರೆಲ್ಲ ಕಿಟಕಿಗೆ ಬಂದು ನಗತೊಡಗಿದರು. ಕನ್ನಡಕದಣ್ಣ ಮುಂದೆ ಹೋಗಿ, "ತಪ್ಪು ತಿಳೀಬೇಡಿ ಸಾರ್, ನೀವು ಹೊರಡಿ" ಎಂದು ಬೇಡಿಕೊಂಡ. ಕಂಡಕ್ಟರ್ ಅವನನ್ನು ಮೇಲಿಂದ ಕೆಳಗೆ ನೋಡಿದ. "ಬೆಳಿಗ್ಗೆ ಬೆಳಿಗ್ಗೆ ತಮಾಷೆ ಮಾಡ್ತೀರಾ? ಇನ್ನೊಂದು ಸಲ ಈ ಸ್ಟಾಪಲ್ಲಿ ನಿಲ್ಲಿಸಿದ್ರೆ ಕೇಳಿ!" ಎಂದು ಗಂಟೆಯ ಹಗ್ಗವನ್ನು ಕಿತ್ತುಬರುವಂತೆ ಜಗ್ಗಿದ.

ಆ ಹೊಗೆ ಕರಗುವ ಮೊದಲೇ ಕಂಪನಿಯ ಕಾರು ಕಾಣಿಸಿತು. ಕರಿಗಾಜಿನ ಕಿಟಕಿ, ಬಾಗಿಲಿನ ಮೇಲೆ ಕಂಪನಿಯ ಗುರುತು. ತಿರುವಿನಲ್ಲಿ ನಿಧಾನವಾಯಿತು, ನಿಂತೇಬಿಟ್ಟಿತು ಎನ್ನುವಷ್ಟರಲ್ಲಿ ಮುಂದೆ ಹೋಯಿತು.

"ಹೋದ್ರಲ್ಲ!" ಎಂದ ದರ್ಜಿ.

"ಎಣಿಸೋಕೆ ಆಗಿಲ್ಲ ಅವರಿಗೆ. ವಾಪಸ್ ಬರ್ತಾರೆ" ಎಂದರು ಮೇಷ್ಟ್ರು. ಕಾರು ನಿಜವಾಗಿಯೂ ಆ ಕಡೆಯಿಂದ ವಾಪಸು ಬಂತು. ಇನ್ನೂ ನಿಧಾನವಾಗಿ, ಏನನ್ನೋ ಹುಡುಕುವಂತೆ ತೆವಳಿಕೊಂಡು ಹೋಯಿತು.

"ಕಡಿಮೆ ಅನ್ನಿಸಿರಬೇಕು! ಒತ್ತಾಗಿ ಬನ್ನಿ! ಇನ್ಯಾರಿದ್ದಾರೆ ಮನೇಲಿ?"

ಎದುರುಮನೆಯಾಕೆ ಸೆರಗು ಸಿಕ್ಕಿಸಿಕೊಂಡು ಓಡಿದಳು. ಸ್ನಾನಕ್ಕೆ ಹೊರಟಿದ್ದವರು, ಹಲ್ಲುಜ್ಜುತ್ತಿದ್ದವರು, ಯಾರದೋ ಮನೆಗೆ ಕೊಳಾಯಿ ರಿಪೇರಿಗೆ ಬಂದಿದ್ದವನು, ಸಿಕ್ಕಿದವರನ್ನೆಲ್ಲ ಎಳೆದುಕೊಂಡು ಬಂದಳು. ಕಾರು ಮತ್ತೆ ಬಂತು. ಈ ಸಲ ಕಿಟಕಿ ಅರ್ಧ ಇಳಿದು ಒಂದು ಕೈ ಹೊರಬಂದು ಅತ್ತಿತ್ತ ತೋರಿಸಿತು.

"ಬಿಸಿಲಲ್ಲಿ ಒದ್ದಾಡ್ತಿರೋ ಹಾಗೆ ಕಾಣ್ತಿಲ್ಲ ನೀವು. ಕೊಡೆ ಬಿಚ್ಚಿ!" ಮೇಷ್ಟ್ರು ಕೂಗಿದರು. ಹಿಂದಿನ ಸಾಲಿನವರು ಕೊಡೆ ಬಿಚ್ಚಿದರು. ತಲೆಗಳ ಮೇಲೆ ಇಣುಕುತ್ತಿದ್ದ ಹಲಗೆಯ ಬಿಳಿ ಅಂಚೂ ಮುಚ್ಚಿಹೋಯಿತು.

ಕಾರು ಕೊನೆಗೆ ತುಸು ದೂರದಲ್ಲಿ ನಿಂತಿತು. ಮುಂದಿನ ಬಾಗಿಲಿನಿಂದ ಪ್ರತಿನಿಧಿ ಇಳಿದ. ಕನ್ನಡಕದಣ್ಣ ಕೈಮುಗಿಯುತ್ತ ಎರಡು ಹೆಜ್ಜೆ ಮುಂದಿಟ್ಟ. ಆಗ ಹಿಂದಿನ ಬಾಗಿಲೂ ತೆರೆಯಿತು.

ಇಳಿದವರು ಕನ್ನಡಕದ ಅಂಗಡಿಯ ಯಜಮಾನರು.

ಮುಗಿದ ಕೈ ಮುಗಿದಂತೆಯೇ ಉಳಿಯಿತು. ಕನ್ನಡಕದಣ್ಣ ಹಿಂದಿರುಗಿ ಮೂಲೆಮನೆಯ ಅಣ್ಣನ ಬೆನ್ನ ಹಿಂದೆ ಸೇರಿಕೊಳ್ಳಲು ನೋಡಿದ. ಆದರೆ ಮೇಷ್ಟ್ರು, "ಅವನೇ ಸಾರ್, ಅವನೇ ಕರೆಸಿದ್ದು!" ಎಂದು ರೆಟ್ಟೆ ಹಿಡಿದು ಮುಂದಕ್ಕೆ ತಳ್ಳಿದರು.

"ಏನಯ್ಯಾ," ಎಂದರು ಯಜಮಾನರು, "ಹೊಟ್ಟೆನೋವು ಇಲ್ಲೀತನಕ ನಡ್ಕೊಂಡು ಬಂತಾ?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಯಜಮಾನರು ಬೈಯಲಿಲ್ಲ, ಬೇಸರದಿಂದ ನೋಡಿದರಷ್ಟೆ. ಅವನ ಕೈಗೆ ಅಂಗಡಿಯ ಬೀಗದ ಕೈ ಕೊಟ್ಟು ಊರಿಗೆ ಹೋಗುತ್ತಿದ್ದ ಮನುಷ್ಯ. ಭೂಮಿ ಬಾಯಿಬಿಡಬಾರದೇ ಎಂದುಕೊಂಡ ಕನ್ನಡಕದಣ್ಣ.

ಪ್ರತಿನಿಧಿ ಅವನನ್ನು ಕಾರಿನ ಮರೆಗೆ ಕರೆದ. ಬೀದಿಯವರಿಗೆ ಕೇಳಿಸದಷ್ಟು ಮೆಲ್ಲಗೆ, ಆದರೆ ಸಿಡುಕುತ್ತ ಹೇಳಿದ: "ಅಲ್ಲ ರೀ, ನಮ್ಮ ಹಲಗೆ ಎಲ್ಲಿ? ಆಚೆಯಿಂದ ನೋಡಿದೆ, ಈಚೆಯಿಂದ ನೋಡಿದೆ, ಒಂದಕ್ಷರ ಕಾಣಲಿಲ್ಲ. ನಮ್ಮ ಕೆಲಸದವರು ನಿಲ್ಲಿಸೇ ಇಲ್ವೇನೋ ಅಂದ್ಕೊಂಡೆ."

"ಅಲ್ಲೇ ಇದೆ ಸಾರ್... ಜನರ ಹಿಂದೆ."

"ಅದೇ ರೋಗ! ಇದಕ್ಕೇ ಅವತ್ತು ಜನ ತುಂಬ ನಿಲ್ತಾರಾ ಅಂತ ಕೇಳಿದ್ದು ನಾನು. ಕಾಲಿಡೋಕೆ ಜಾಗ ಇರಲ್ಲ ಅಂದಾಗಲೇ ಬೇಡ ಅನ್ನಿಸ್ತು. ನಿಮ್ಮ ಯಜಮಾನರಿಗೆ ಈ ತಿರುವು ಇಷ್ಟ ಆಯ್ತು, ಅವರ ಅಂಗಡಿ ಜಾಹೀರಾತಿಗೆ ಇದೇ ಇರ್ಲಿ ಅಂದ್ರು, ಅದಕ್ಕೆ ಬಂದೆ."

ಕನ್ನಡಕದಣ್ಣನಿಗೆ ಅರ್ಥವಾಗಲಿಲ್ಲ. "ಜನ ನಿಂತ್ರೆ ಒಳ್ಳೇದಲ್ವಾ ಸಾರ್? ತಂಗುದಾಣ ನಿಲ್ಲೋರಿಗೆ ತಾನೆ?"

"ತಂಗುದಾಣ ನಿಲ್ಲೋರಿಗೆ. ಜಾಹೀರಾತು ಕಾರಲ್ಲಿ ಹೋಗೋರಿಗೆ" ಎಂದ ಪ್ರತಿನಿಧಿ, ಮಗುವಿಗೆ ಹೇಳುವಂತೆ. "ಬಾಡಿಗೆ ಹುಟ್ಟೋದು ಅವರ ಕಣ್ಣಿಂದ. ನಿಂತೋರು ಅಡ್ಡ. ಒಬ್ಬರೋ ಇಬ್ಬರೋ ಬೆಂಚಿನ ಮೇಲೆ ಕೂತಿದ್ರೆ ಪರವಾಗಿಲ್ಲ, ನೋಡೋಕೂ ಲಕ್ಷಣ. ಈ ಜಾಗ ನೋಡಿ, ತಿರುವು, ಗಾಡಿಗಳೆಲ್ಲ ನಿಧಾನ ಆಗ್ತವೆ. ಜನ ಇಲ್ಲದಿದ್ರೆ ಚಿನ್ನದಂಥ ಜಾಗ! ನಾಳೇನೇ ಗುದ್ದಲಿ ಹಾಕಿಸ್ತಿದ್ದೆ."

ಕನ್ನಡಕದಣ್ಣ ತಿರುಗಿ ನೋಡಿದ. ಕೊಡೆ, ಚೀಲ, ಸೀರೆ, ತಲೆಗಳ ಗೋಡೆ. ಅದರ ಹಿಂದೆ ಅಕ್ಷರಗಳ ಹಲಗೆ. ವರ್ಷಗಟ್ಟಲೆ ಊರವರಿಗೆಲ್ಲ ಕಾಣತ್ತಾ ಕಾಣತ್ತಾ ಎಂದು ಕೇಳಿದವನಿಗೆ ತನ್ನ ಮೂಗಿನ ಕೆಳಗಿನದು ಕಂಡಿರಲಿಲ್ಲ. ಅಂದು ಕತ್ತಲೆ ಕೋಣೆಯಲ್ಲಿ ನಿಜ ಹೇಳಿದ್ದರೆ, ಅಮ್ಮ, ನರ್ಸು ಮತ್ತು ನಾಯಿ ಎಂದಿದ್ದರೆ, ಇಷ್ಟು ಹೊತ್ತಿಗೆ ಬೆಂಚು ಬರುತ್ತಿತ್ತು. ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಆದರೂ ಇನ್ನೂ ಹೊತ್ತು ಮೀರಿರಲಿಲ್ಲ. ನಾಚಿಕೆಯನ್ನೆಲ್ಲ ನುಂಗಿಕೊಂಡು, ಯಜಮಾನರ ಎದುರಿಗೇ ಬಾಯಿಬಿಟ್ಟ. "ಸಾರ್, ನಾನು ಸುಳ್ಳು ಹೇಳಿದೆ. ಇಲ್ಲಿ ಯಾರೂ ನಿಲ್ಲಲ್ಲ. ಇವರೆಲ್ಲ ನಮ್ಮ ಬೀದಿಯವರು, ನನಗೋಸ್ಕರ ಬಂದಿದ್ದಾರೆ. ದಿನಾ ಇಲ್ಲಿ ಇರೋದು ನೊಣ ಮಾತ್ರ."

ಪ್ರತಿನಿಧಿಯ ಹುಬ್ಬು ಮೇಲೇರಿತು. "ಹೌದಾ?"

"ಆಣೆ ಮಾಡ್ತೀನಿ ಸಾರ್. ಬೇಕಾದ್ರೆ ಅವರನ್ನೇ ಕೇಳಿ."

ಇದು ಅವನು ಆ ದಿನ ಮಾಡಿದ ದೊಡ್ಡ ತಪ್ಪು. ಪ್ರತಿನಿಧಿ ಜನರ ಹತ್ತಿರ ಹೋಗಿ ಕೇಳಿದ: "ಏನ್ರೀ, ಇವರು ನೀವು ಯಾರೂ ದಿನಾ ಇಲ್ಲಿ ನಿಲ್ಲಲ್ಲ ಅಂತಿದ್ದಾರೆ?"

ಬೀದಿ ಒಂದು ಕ್ಷಣ ತಬ್ಬಿಬ್ಬಾಯಿತು. ಆಮೇಲೆ ಮೇಷ್ಟ್ರು ಒಂದು ಹೆಜ್ಜೆ ಮುಂದಿಟ್ಟರು. ಹಿಂದಿನ ರಾತ್ರಿಯೇ ಅವರು ಎಲ್ಲರಿಗೂ ಹೇಳಿದ್ದರು: ಕನ್ನಡಕದಣ್ಣ ಪುಕ್ಕಲ, ಸಾಹೇಬರ ಎದುರಿಗೆ ಧೈರ್ಯ ಕಳಕೊಂಡು ಏನಾದರೂ ಒದರಿಬಿಟ್ಟಾನು, ಆಗ ನಾವು ಬಿಟ್ಟುಕೊಡಬಾರದು.

"ಈತ ಬಹಳ ಸಂಕೋಚದ ಮನುಷ್ಯ ಸಾರ್" ಎಂದರು ಮೇಷ್ಟ್ರು. "ಬೀದಿಯ ಕಷ್ಟ ಹೊರಗಿನವರ ಮುಂದೆ ಹೇಳ್ಕೊಳ್ಳೋಕೆ ನಾಚಿಕೆ. ನಾನು ದಿನಾ ಇಲ್ಲೇ ನಿಲ್ಲೋದು."

"ನಾನೂ ದಿನಾ ಇಲ್ಲಿಂದ್ಲೇ ಅಂಗಡಿಗೆ ಹೋಗೋದು" ಎಂದ ದರ್ಜಿ. ಅವನ ಅಂಗಡಿ ಅವನ ಮನೆಯ ಜಗಲಿಯಲ್ಲೇ ಇತ್ತು.

"ನೂಕುನುಗ್ಗಲಲ್ಲಿ ನನ್ನ ಕಿವಿಯೋಲೆ ಕಳೆದುಹೋಯ್ತು ಸಾರ್!" ಎಂದು ಎದುರುಮನೆಯಾಕೆ ಕಣ್ಣೊರೆಸಿಕೊಂಡಳು. ಕೊಳಾಯಿ ರಿಪೇರಿಯವನು ಕೂಡ, ಯಾವ ಊರಿನವನೋ ಏನೋ, ತಾನು ಹುಟ್ಟಿದಾಗಿನಿಂದ ಇಲ್ಲೇ ನಿಲ್ಲುತ್ತಿದ್ದೇನೆ ಎಂದ.

"ಅಯ್ಯೋ, ಸುಳ್ಳು ಹೇಳಬೇಡಿ!" ಕನ್ನಡಕದಣ್ಣ ಕೂಗಿದ. "ಮೇಷ್ಟ್ರೇ, ಜನ ಇಲ್ಲ ಅಂದ್ರೇನೇ ಅವರು ಕಟ್ಟೋದು!"

ಮೇಷ್ಟ್ರು ಅವನಿಗೆ ಕಣ್ಣು ಮಿಟುಕಿಸಿ, ಎಲ್ಲ ನನಗೆ ಬಿಡು ಎಂಬಂತೆ ಎದೆ ಮುಟ್ಟಿಕೊಂಡರು. ಪ್ರತಿನಿಧಿ ಮಾತ್ರ ನಕ್ಕ. "ಓಹೋ. ನಾನು ಹೇಳಿದ್ದು ಕೇಳಿ ಈಗ ಮಾತು ತಿರುಗಿಸ್ತಾ ಇದ್ದೀರಿ. ಬೆಳಿಗ್ಗೆ ಹೊಟ್ಟೆನೋವು, ಈಗ ನೊಣ." ಯಜಮಾನರು ಬೇರೆ ಕಡೆ ನೋಡಿದರು.

ಅಷ್ಟರಲ್ಲಿ ಬೀದಿಯ ಕಡೆಯಿಂದ ಕಾಲೆಳೆಯುತ್ತ ಅಮ್ಮ ಬಂದಳು.

"ಅಲ್ಲೊಬ್ಬರು ವಯಸ್ಸಾದವರು ಬರ್ತಿದ್ದಾರೆ" ಎಂದ ಪ್ರತಿನಿಧಿ. "ಅವರನ್ನ ಕೇಳೋಣ. ಅವರು ಸುಳ್ಳು ಹೇಳೋ ಹಾಗೆ ಕಾಣಲ್ಲ. ನೀವು ಯಾರೂ ಬಾಯಿ ಹಾಕಬಾರದು. ನೀವಂತೂ ಹಾಕಲೇಬಾರದು" ಎಂದು ಕನ್ನಡಕದಣ್ಣನ ಕಡೆ ಬೆರಳು ತೋರಿಸಿದ.

ಕನ್ನಡಕದಣ್ಣನಿಗೆ ಹೋದ ಜೀವ ಬಂದಂತಾಯಿತು. ಅಮ್ಮ! ಸುಳ್ಳು ಎನ್ನುವುದನ್ನೇ ಅರಿಯದ ಜೀವ. ತರಕಾರಿಯವಳು ಚಿಲ್ಲರೆ ಹೆಚ್ಚು ಕೊಟ್ಟಳೆಂದು ಅದೇ ಮಂಡಿಯಲ್ಲಿ ಮಾರುಕಟ್ಟೆಯವರೆಗೂ ವಾಪಸು ನಡೆದವಳು. ಅವಳ ಬಾಯಿಂದ ಬರುವುದು ನಿಜವೊಂದೇ. ನನ್ನಿಂದಾಗದ್ದು ಅಮ್ಮನಿಂದ ಆಗುತ್ತದೆ ಎಂದು ಅವನ ಕಣ್ಣು ತುಂಬಿ ಬಂತು.

"ಅಮ್ಮಾ, ನೀವು ಈ ಸ್ಟಾಪಿಗೆ ಬರ್ತಿರ್ತೀರಲ್ಲ, ಇಲ್ಲಿ ದಿನಾ ಎಷ್ಟು ಜನ ಇರ್ತಾರೆ?" ಪ್ರತಿನಿಧಿ ಕೇಳಿದ.

ಅಮ್ಮ ಸುತ್ತ ನೋಡಿದಳು. ಅಚ್ಚುಕಟ್ಟಾಗಿ ನಿಂತ ಬೀದಿಯನ್ನು ನೋಡಿದಳು. ಆ ಸಾಲಿನ ಹಿಂದಿನಿಂದ ಮೇಷ್ಟ್ರು ಎರಡು ಕೈಯನ್ನೂ ಅಗಲಿಸಿ ಬಹಳ, ಬಹಳ ಎಂದು ಸನ್ನೆ ಮಾಡುವುದನ್ನು ನೋಡಿದಳು. ಮುಖ ಸಿಂಡರಿಸಿಕೊಂಡು ನಿಂತಿದ್ದ ಯಜಮಾನರನ್ನು ನೋಡಿದಳು. ಕೊನೆಗೆ ಮಗನ ಕಡೆ ತಿರುಗಿದಳು. ಕಣ್ಣಲ್ಲಿ ನೀರು ತುಂಬಿಕೊಂಡು, ಬೆವರುತ್ತ, ಬೇಡುವಂತೆ ನಿಂತಿದ್ದ ಮಗ, ಯಾರೂ ಇಲ್ಲ ಎಂದು ಹೇಳಮ್ಮಾ ಎನ್ನುವ ಅರ್ಥದಲ್ಲಿ ತಲೆಯನ್ನು ಅತ್ತಿತ್ತ ಆಡಿಸಿದ. ನನ್ನ ಗುಟ್ಟು ಬಿಟ್ಟುಕೊಡಬೇಡಮ್ಮಾ ಎಂದು ತಾಯಿಗೆ ಅರ್ಥವಾಯಿತು.

ಆಕೆ ಉಗುಳು ನುಂಗಿದಳು.

"ಅಯ್ಯೋ, ಅದನ್ನ ಯಾಕೆ ಕೇಳ್ತೀರಿ ಸ್ವಾಮಿ" ಎಂದಳು. "ದಿನಾ ಹೀಗೇ. ಈ ಜನದ ಮಧ್ಯೆ ನನ್ನಂಥೋಳು ಬಸ್ಸಿಗೆ ಹೇಗೆ ಹತ್ತಬೇಕು ಹೇಳಿ. ಇವತ್ತೇ ಸ್ವಲ್ಪ ಕಡಿಮೆ."

ಪ್ರತಿನಿಧಿ ಯಜಮಾನರಿಗೆ, "ನಡೀರಿ, ಮುಂದಿನ ತಿರುವಲ್ಲಿ ಇನ್ನೊಂದು ಜಾಗ ಇದೆ. ಅಲ್ಲಿ ಬಸ್ಸೂ ನಿಲ್ಲಲ್ಲ, ಯಾರೂ ಬರಲ್ಲ. ಅಚ್ಚುಕಟ್ಟಾಗಿರತ್ತೆ" ಎಂದ. ಯಜಮಾನರು ಕಾರು ಹತ್ತುವ ಮೊದಲು ಒಮ್ಮೆ ನಿಂತು, "ನಾಳೆ ಬರುವಾಗ ಬೀಗದ ಕೈ ತಗೊಂಡು ಬಾ. ನನ್ನ ಹತ್ತಿರಾನೇ ಇರ್ಲಿ" ಎಂದರು. ಕನ್ನಡಕದಣ್ಣ ತಲೆಯಾಡಿಸಿದ. ಮುಖ ಎತ್ತಿ ನೋಡುವ ಶಕ್ತಿ ಇರಲಿಲ್ಲ.

ಕಾರು ಮರೆಯಾಗುತ್ತಿದ್ದಂತೆ ಬೀದಿ ಚಪ್ಪಾಳೆ ತಟ್ಟಿತು. "ನೋಡಿದ್ಯೇನೋ ಹೇಗೆ ಕಾಪಾಡಿದ್ವಿ!" ಮೇಷ್ಟ್ರು ಅವನ ಬೆನ್ನಿಗೆ ಗುದ್ದಿದರು. "ಇನ್ನೇನು ಮಾಡ್ತಿದ್ದೆ ನೀನು, ಎಲ್ಲ ಹಾಳು ಮಾಡ್ತಿದ್ದೆ. ಯಾವಾಗ ಕಟ್ತಾರಂತೆ?"

ಎಲ್ಲರ ಮುಖವೂ ಅರಳಿತ್ತು. ಪರೋಪಕಾರ ಮಾಡಿದವರ ಮುಖ. ಅವರಿಗೆ ಹೇಳುವುದಾದರೂ ಏನನ್ನು? "ತಿಳಿಸ್ತಾರಂತೆ" ಎಂದ ಕನ್ನಡಕದಣ್ಣ. ಅದು ಆ ದಿನದ ಇನ್ನೊಂದು ಸುಳ್ಳು.

ತಿರುವಿನಲ್ಲಿ ಬಸ್ಸು ಕಾಣಿಸಿತು. ಅಮ್ಮ ಕೈ ಎತ್ತಿದಳು. ಡ್ರೈವರು ಕೊಡೆಗಳ ಸಾಲನ್ನು ನೋಡಿದ, ಸ್ಟಿಯರಿಂಗು ತಿರುಗಿಸಿದ, ರಸ್ತೆಯ ಆಚೆ ಬದಿಯಿಂದ ಹಾದು ಧೂಳೆಬ್ಬಿಸಿಕೊಂಡು ಹೋಗಿಯೇಬಿಟ್ಟ. ಕಂಡಕ್ಟರು ಹಿಂಬಾಗಿಲಿನಲ್ಲಿ ನಿಂತು ಎಲ್ಲರಿಗೂ ಕೈಬೀಸಿದ.

"ಅಮ್ಮ, ಆಸ್ಪತ್ರೆಗೆ ಹೊತ್ತಾಗತ್ತೆ. ಆಟೋ ಕರೀತೀನಿ" ಎಂದ ಕನ್ನಡಕದಣ್ಣ.

"ಹೋಗ್ಲಿ ಬಿಡೋ, ಒಂದು ದಿನ ತಡ ಆದ್ರೆ ಮಂಡಿ ಎಲ್ಲಿಗೂ ಓಡಿಹೋಗಲ್ಲ." ಅಮ್ಮ ಅವನ ತೋಳು ಹಿಡಿದುಕೊಂಡಳು. ಸುತ್ತ ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದು ನೋಡಿಕೊಂಡು, ಶಾಲೆಯಲ್ಲಿ ಪಾಠ ಒಪ್ಪಿಸಿ ಬಂದ ಮಗುವಿನಂತೆ ಅವನ ಕಿವಿಯ ಹತ್ತಿರ ಬಾಗಿದಳು. "ಯಾವತ್ತೂ ಸುಳ್ಳು ಹೇಳಿ ಅಭ್ಯಾಸ ಇಲ್ಲ ನೋಡು, ನಾಲಿಗೇನೇ ಒಣಗಿಹೋಯ್ತು. ಸರಿಯಾಗಿ ಹೇಳಿದ್ನೇನೋ?"

ಕನ್ನಡಕದಣ್ಣ ಅವಳ ಕಾಲಿನ ಕಡೆ ನೋಡುತ್ತ ನಿಂತ.

"ಸರಿಯಾಗೇ ಹೇಳಿದೆ ಅಮ್ಮ" ಎಂದ.